ಮೂಗಿಗೆ ಆಗಿಬರಲ್ಲ ಅಂದ್ರೆ ಸರ್ಟಿಫಿಕೇಟ್ ಕೇಳ್ತೀರಾ?

ಬಹಳ ದಿನದಿಂದ ಇದನ್ನ ಬರೀಬೇಕು ಅಂದುಕೊಳ್ತಾನೇ ಇದ್ದೆ. ಹೋದ ವಾರ ಆಫೀಸಿನಿಂದ ಬಂದ ಒಂದು ಇ-ಮೇಲ್ ನೋಡಿದ ಮೇಲೆ ಇನ್ನು ಮುಂದೆ ಹಾಕೋದು ಬೇಡ ಅನ್ನಿಸ್ತು. ಅದರ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ನಮ್ಮೆಲ್ಲರ ಮನೆಯಲ್ಲೂ ಬಳಕೆಯಲ್ಲಿರೋ ಒಂದು ಮಾತು.

"ಆಗಿಬರಲ್ಲ."

ಊಟಕ್ಕೆ ಕರೆದವರ ಮನೆಯಲ್ಲಿ "ನಂಗೆ ಬದನೆಕಾಯಿ ಆಗಿಬರಲ್ಲ" ಅಂದ್ರೆ ಮುಗೀತು. ಬಡಿಸೋರು ಸೌಟು ಮುಂದಕ್ಕೆ ಒಯ್ತಾರೆ, ಯಾಕೆ ಅಂತ ಕೇಳಲ್ಲ. ಗಾಯ ಆದವರಿಗೆ, ಆಪರೇಷನ್ ಆದವರಿಗೆ "ಅದು ನಂಜು" ಅಂತ ಎಷ್ಟೋ ಪದಾರ್ಥ ದೂರ ಇಡ್ತೀವಿ. ಚಾತುರ್ಮಾಸದಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಬೇರೆ ಪಾತ್ರೆಯಲ್ಲಿ ಸಾರು ಕುದಿಯುತ್ತೆ. ಮನೆಯ ಬಸುರಿ ಹೆಂಗಸು "ಒಗ್ಗರಣೆ ವಾಸನೆ ತಡೆಯಕ್ಕಾಗ್ತಿಲ್ಲ" ಅಂದ್ರೆ ಎಂಥಾ ಗಟ್ಟಿ ಅತ್ತೆಯಾದ್ರೂ ಮೂರು ತಿಂಗಳು ಇಂಗಿನ ಡಬ್ಬಿ ಮುಟ್ಟಲ್ಲ. ಇವರಲ್ಲಿ ಯಾರ ಹತ್ರಾನೂ ನಾವು ಲ್ಯಾಬ್ ರಿಪೋರ್ಟ್ ಕೇಳಿಲ್ಲ. ಆಗಿಬರಲ್ಲ ಅಂದ್ರಾ, ಸರಿ, ಬಿಡಿ. ಅಷ್ಟೇ.

ಅದೇ ಮಾತನ್ನ ತಟ್ಟೆಯ ಬಗ್ಗೆ ಬಿಟ್ಟು ಗಾಳಿಯ ಬಗ್ಗೆ ಹೇಳಿ ನೋಡಿ! "ನಂಗೆ ರೂಮ್ ಫ್ರೆಶ್ನರ್ ಆಗಿಬರಲ್ಲ", "ಫಿನಾಯಿಲ್ ಆಗಿಬರಲ್ಲ", "ನೀವು ಹಾಕಿಕೊಂಡಿರೋ ಸೆಂಟ್ ಆಗಿಬರಲ್ಲ". ಮೊದಲು ಒಂದು ನಗು. ಆಮೇಲೆ "ಡಾಕ್ಟರ್ ಏನಂದ್ರು?". ಅದಾದ ಮೇಲೆ ಅಕ್ಕಪಕ್ಕದಲ್ಲಿ "ಸ್ವಲ್ಪ ಮಡಿವಂತಿಕೆ ಜಾಸ್ತಿ ಅವ್ರಿಗೆ" ಅನ್ನೋ ಮಾತು.

ನನಗಿರೋದಕ್ಕೆ ಇಂಗ್ಲಿಷಿನಲ್ಲಿ ಮಲ್ಟಿಪಲ್ ಕೆಮಿಕಲ್ ಸೆನ್ಸಿಟಿವಿಟಿ ಅಂತಾರೆ, ಚಿಕ್ಕದಾಗಿ ಎಂಸಿಎಸ್. ಬೇರೆಯವರಿಗೆ ಏನೂ ಅನ್ನಿಸದಷ್ಟು ಕಡಿಮೆ ಪ್ರಮಾಣದ ರಾಸಾಯನಿಕಕ್ಕೆ ಮೈ ತಿರುಗಿ ಬೀಳೋದು. ಒಂದೇ ವಸ್ತುವಿಗೆ ಅಲ್ಲ, ಒಂದಕ್ಕೊಂದು ಸಂಬಂಧವೇ ಇಲ್ಲದ ಹತ್ತಾರು ವಸ್ತುಗಳಿಗೆ. ಹೊಸ ಪೇಂಟ್, ವಾರ್ನಿಷ್, ಪ್ಲೈವುಡ್ಡಿನ ಗೋಂದು, ಬಟ್ಟೆ ಒಗೆಯೋ ಪುಡಿಯ ಪರಿಮಳ, ಊದುಬತ್ತಿ, ಸೊಳ್ಳೆ ಬತ್ತಿ, ಡೀಸೆಲ್ ಹೊಗೆ. ತಲೆ ಸಿಡಿಯುತ್ತೆ, ಎದೆ ಬಿಗಿಯುತ್ತೆ, ಗಂಟಲು ಕಟ್ಟುತ್ತೆ. ಮಾತಾಡ್ತಾ ಇದ್ದಾಗಲೇ ಗೊತ್ತಿರೋ ಪದ ಮರೆತುಹೋಗುತ್ತೆ. ವಾಸನೆ ಹೋಗಿ ಎರಡು ದಿನ ಆದ್ರೂ ಮೈ ಜಜ್ಜಿದ ಹಾಗೆ ಇರುತ್ತೆ. ದೂರ ಇದ್ರೆ ಸುಧಾರಿಸುತ್ತೆ, ಹತ್ತಿರ ಹೋದ್ರೆ ಮತ್ತೆ ಅದೇ. 1999ರಲ್ಲಿ ಒಂದಷ್ಟು ವೈದ್ಯರು, ಸಂಶೋಧಕರು ಸೇರಿ ಇದನ್ನ ಗುರುತಿಸೋಕೆ ಆರು ಲಕ್ಷಣ ಪಟ್ಟಿ ಮಾಡಿದ್ರು. ನಾನು ಮೇಲೆ ಹೇಳಿದ್ದು ಹೆಚ್ಚು ಕಡಿಮೆ ಅದೇ ಪಟ್ಟಿ.

ನಾವಿರೋದು ಸರ್ಜಾಪುರದಲ್ಲಿ. ಒಂದು ಕಾಲಕ್ಕೆ ನೇಯ್ಗೆಗೆ ಹೆಸರಾಗಿದ್ದ ಆನೇಕಲ್ ತಾಲ್ಲೂಕಿನ ಈ ಊರು ಈಗ ಅಪಾರ್ಟ್‌ಮೆಂಟುಗಳ ಊರು. ನಮ್ಮ ಬ್ಲಾಕಿನಲ್ಲಿ ತಿಂಗಳಿಗೊಂದಾದರೂ ಗೃಹಪ್ರವೇಶ. ಎಲ್ಲರಿಗೂ ಅದು ಹೋಳಿಗೆ ಊಟ, ನನಗೆ ಹದಿನೈದು ದಿನದ ಪೇಂಟು, ಪಾಲಿಶ್, ಪ್ಲೈವುಡ್ ಕೊಯ್ದ ಧೂಳು. ಲಿಫ್ಟಿನಲ್ಲಿ ಯಾರೋ ಇಳಿದು ಹೋದ ಮೇಲೂ ಅವರ ಸೆಂಟು ಮಾತ್ರ ಇಳಿದಿರಲ್ಲ. ಹಾಗಾಗಿ ನನಗೆ ಮೆಟ್ಟಿಲೇ ಗತಿ. ಕ್ಯಾಬ್ ಬುಕ್ ಮಾಡಿದ್ರೆ ಬಾಗಿಲು ತೆಗೆದ ಕೂಡಲೇ ಡ್ಯಾಶ್‌ಬೋರ್ಡಿನ ಮೇಲಿರೋ ಪರಿಮಳದ ಡಬ್ಬಿ ಮುಖಕ್ಕೆ ಹೊಡೆಯುತ್ತೆ. "ಸರ್, ಇದನ್ನ ಡಿಕ್ಕಿಯಲ್ಲಿ ಇಡ್ತೀರಾ?" ಅಂದ್ರೆ ಕೆಲವರು ಇಡ್ತಾರೆ, ಕೆಲವರು ಟ್ರಿಪ್ಪೇ ಕ್ಯಾನ್ಸಲ್ ಮಾಡ್ತಾರೆ. ಸಂಜೆ ಫಾಗಿಂಗ್ ಮೆಷಿನ್ನಿನ ಸದ್ದು ಕೇಳಿದ್ರೆ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಕೂರಬೇಕು. ಖಾಲಿ ಸೈಟಿನಲ್ಲಿ ಕಸಕ್ಕೆ ಬೆಂಕಿ ಹಚ್ಚಿದ ದಿನ ಟವೆಲ್ಲೂ ಸಾಲಲ್ಲ.

ನಮ್ಮದು ಗಂಧದ ನಾಡು ಬೇರೆ. ಸರ್ಕಾರವೇ ಶ್ರೀಗಂಧದ ಸೋಪು ಮಾಡಿ ಮಾರೋ ರಾಜ್ಯ, ಊದುಬತ್ತಿಯನ್ನ ದೇಶ ದೇಶಕ್ಕೆ ಕಳಿಸೋ ಊರುಗಳು. ಇಲ್ಲಿ "ನನಗೆ ಪರಿಮಳ ಆಗಿಬರಲ್ಲ" ಅನ್ನೋದು ಕಾಶಿಗೆ ಹೋಗಿ ಗಂಗೆ ಆಗಿಬರಲ್ಲ ಅಂದಷ್ಟೇ ವಿಚಿತ್ರ. ಮಂಗಳಾರತಿ ತಗೊಳ್ಳಲ್ಲ ಅಂತ ನನ್ನನ್ನ ನಾಸ್ತಿಕಳು ಅಂದುಕೊಂಡವರೂ ಇದ್ದಾರೆ. ದೇವರ ಮೇಲೆ ನನ್ನ ತಕರಾರು ಏನೂ ಇಲ್ಲ, ಕರ್ಪೂರದ ಮೇಲೆ ಮಾತ್ರ. :-)

ಈಗ "ಡಾಕ್ಟರ್ ಏನಂದ್ರು?" ಅನ್ನೋ ಪ್ರಶ್ನೆಗೆ ಬರೋಣ. ಅದು ತಪ್ಪು ಪ್ರಶ್ನೆ ಏನಲ್ಲ. ಉತ್ತರವನ್ನ ಮುಚ್ಚುಮರೆ ಇಲ್ಲದೆ ಹೇಳಿಬಿಡ್ತೀನಿ, ಯಾಕಂದ್ರೆ ನನ್ನ ಪರವಾಗಿ ಇರೋದನ್ನ ಮಾತ್ರ ಹೇಳಿದ್ರೆ ಈ ಬರಹಕ್ಕೆ ಬೆಲೆ ಇರಲ್ಲ.

ಈ ಮಾತು ಮೊದಲು ಎತ್ತಿದ್ದು ಥೆರಾನ್ ರಾಂಡಾಲ್ಫ್ ಅನ್ನೋ ಶಿಕಾಗೋದ ಅಲರ್ಜಿ ತಜ್ಞರು, 1950ರ ದಶಕದಲ್ಲಿ. ಈಗಿನ ಹೆಸರನ್ನ ಬಳಕೆಗೆ ತಂದಿದ್ದು ಯೇಲ್ ವಿಶ್ವವಿದ್ಯಾಲಯದ ಮಾರ್ಕ್ ಕಲೆನ್, 1987ರಲ್ಲಿ. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರರು ಬರ್ಲಿನ್ನಿನಲ್ಲಿ ನಡೆಸಿದ ಕಾರ್ಯಾಗಾರದಲ್ಲಿ, ಕಾರಣ ರಾಸಾಯನಿಕವೇ ಅಂತ ಗೊತ್ತಾಗದೆ ಹೆಸರಿನಲ್ಲಿ ಆ ಪದ ಇಡೋದು ಬೇಡ, 'ಕಾರಣ ತಿಳಿಯದ ಪರಿಸರ ಅಸಹನೆ' ಅನ್ನೋ ಅರ್ಥದ ಹೆಸರಿಡೋಣ ಅನ್ನೋ ಸಲಹೆ ಬಂತು. ಜಪಾನ್ 2009ರಲ್ಲಿ ವಿಮೆಯ ರೋಗಪಟ್ಟಿಯಲ್ಲಿ ಇದಕ್ಕೊಂದು ಹೆಸರು ಕೊಟ್ಟಿತು. ಬಹಳಷ್ಟು ವೈದ್ಯಸಂಘಗಳು ಇವತ್ತಿಗೂ ಇದನ್ನ ಪ್ರತ್ಯೇಕ ಕಾಯಿಲೆ ಅಂತ ಒಪ್ಪಲ್ಲ.

ಒಪ್ಪದೇ ಇರೋಕೆ ಕಾರಣ ಇದೆ. ರೋಗಿಗೂ ಪರೀಕ್ಷೆ ಮಾಡೋರಿಗೂ ಯಾವುದು ರಾಸಾಯನಿಕ, ಯಾವುದು ಬರೀ ಗಾಳಿ ಅಂತ ಗೊತ್ತಾಗದ ಹಾಗೆ ಮಾಡಿದ ಪ್ರಯೋಗಗಳಿವೆ. ರಾಸಾಯನಿಕಕ್ಕೆ ಒಡ್ಡಿ ಮಾಡಿದ 37 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ 2006ರ ಒಂದು ವಿಮರ್ಶೆಯ ಪ್ರಕಾರ, ವಾಸನೆ ಗೊತ್ತಾಗದಂತೆ ಮರೆಮಾಡಿದಾಗ ನಮ್ಮಂಥವರ ಮೈಗೆ ಎರಡರ ವ್ಯತ್ಯಾಸ ತಿಳಿಯಲಿಲ್ಲ. 2021ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸಾರ್ವಜನಿಕ ಆರೋಗ್ಯ ಸಂಸ್ಥೆ 800ಕ್ಕೂ ಹೆಚ್ಚು ಪುಟದ ವರದಿ ತಂದಿತು. ಅದು ಕೂಡ ಅಲ್ಪ ಪ್ರಮಾಣದ ವಿಷವೇ ಕಾರಣ ಅನ್ನೋ ವಾದ ಒಪ್ಪಲಿಲ್ಲ. ದೀರ್ಘಕಾಲದ ಆತಂಕ, ಮೆದುಳು ಅಪಾಯವನ್ನ ಅಳೆಯೋ ರೀತಿ, ಇವುಗಳ ಕಡೆ ಬೆರಳು ತೋರಿಸಿತು. ಆದರೆ ಅದೇ ವರದಿ ಈ ನರಳಾಟ ನಿಜ, ಮೈಯಲ್ಲಿ ಆಗೋ ಬದಲಾವಣೆಗಳೂ ನಿಜ ಅಂತಾನೂ ಹೇಳಿತು.

ಈ ಫಲಿತಾಂಶಗಳು ನನಗೆ ಇಷ್ಟ ಆಗಲ್ಲ. ಸುಳ್ಳು ಅಂತ ತಳ್ಳಿಹಾಕೋಕೆ ನನ್ನ ಹತ್ರ ಆಧಾರಾನೂ ಇಲ್ಲ. ಆದರೆ ಒಂದು ಪ್ರಶ್ನೆ ಇದೆ. ಕಾರಣ ಮೂಗಿನಲ್ಲಿದೆಯೋ, ಶ್ವಾಸಕೋಶದಲ್ಲಿದೆಯೋ, ಮೆದುಳಿನಲ್ಲಿದೆಯೋ ಅನ್ನೋದು ಡಾಕ್ಟರಿಗೆ ಬೇಕು, ಚಿಕಿತ್ಸೆ ಅದರ ಮೇಲೆ ನಿಂತಿರುತ್ತೆ. ಪಕ್ಕದ ಮನೆಯವರಿಗೆ ಅದು ಯಾಕೆ ಬೇಕು? ಮೈಗ್ರೇನ್ ಇರೋ ಎಷ್ಟೋ ಜನಕ್ಕೆ ತಲೆನೋವು ಬಂದಾಗ ಯಾವ ವಾಸನೆಯೂ ಸಹಿಸಕ್ಕಾಗಲ್ಲ. ಮೈಗ್ರೇನ್ ಇರೋದೂ ತಲೆಯ ಒಳಗೇ ತಾನೆ? ಅವರ ಎದುರು ಊದುಬತ್ತಿ ಹಚ್ಚಿ "ಎಲ್ಲಾ ನಿನ್ನ ತಲೆಯಲ್ಲಿದೆ" ಅಂತ ಯಾರಾದ್ರೂ ಹೇಳ್ತಾರಾ? ಮನಸ್ಸಿನಿಂದ ಹುಟ್ಟಿದ ನೋವು ಕಡಿಮೆ ದರ್ಜೆಯದು ಅಂತ ನಾವು ಯಾವಾಗ ತೀರ್ಮಾನ ಮಾಡಿದ್ವಿ? ನಿಮ್ಹಾನ್ಸ್ ಇರೋ ಊರಿನಲ್ಲಿ ಬದುಕ್ತಾ ಇರೋರು ಹೀಗೆ ಯೋಚಿಸಬಾರದು.

ನನ್ನ ವಾದ ಇಷ್ಟೇ. ರೋಗಕ್ಕೆ ಕಾರಣ ತಿಳಿಯೋದಕ್ಕೂ ರೋಗಿಗೆ ಅನುಕೂಲ ಮಾಡಿಕೊಡೋದಕ್ಕೂ ಗಂಟು ಹಾಕಬೇಡಿ. ಮೊದಲನೆಯದಕ್ಕೆ ಇನ್ನೂ ವರ್ಷಗಳೇ ಬೇಕಾಗಬಹುದು. ಎರಡನೆಯದಕ್ಕೆ ಒಂದು ನಿಮಿಷ ಸಾಕು.

ಇನ್ನೊಂದು ವಿಷಯ ನೋಡಿ. ಸರ್ಜಾಪುರ ರಸ್ತೆಯಲ್ಲಿ ಓಡಾಡೋರಿಗೆ ಬೆಳ್ಳಂದೂರು ಕೆರೆ ಗೊತ್ತೇ ಇದೆ. 2015ರ ಮೇ ತಿಂಗಳಲ್ಲಿ ಆ ಕೆರೆಯ ನೊರೆಗೆ ಬೆಂಕಿ ಬಿತ್ತು. 2017ರ ಫೆಬ್ರವರಿಯಲ್ಲಿ ಮತ್ತೆ ಬೆಂಕಿ, 2018ರ ಜನವರಿಯಲ್ಲಿ ಮತ್ತೊಮ್ಮೆ. ಆಗ ಕೆರೆ ಸುತ್ತಮುತ್ತಲಿನ ಎಲ್ಲರೂ ಮೂಗು ಮುಚ್ಚಿಕೊಂಡ್ರು, ಕಣ್ಣುರಿ, ಉಸಿರಾಟದ ತೊಂದರೆ ಅಂದ್ರು. ಯಾರಿಗೂ "ಸರ್ಟಿಫಿಕೇಟ್ ತೋರಿಸಿ" ಅಂತ ಯಾರೂ ಹೇಳಲಿಲ್ಲ, ಹೇಳಲೂಬಾರದು. ಸಾವಿರ ಮೂಗಿಗೆ ಒಟ್ಟಿಗೆ ಬಡಿದರೆ ಅದು ಮಾಲಿನ್ಯ, ಒಂದೇ ಮೂಗಿಗೆ ಬಡಿದರೆ ಅದು ಭ್ರಮೆ! ಈ ಲೆಕ್ಕ ನನಗೆ ಅರ್ಥ ಆಗಲ್ಲ.

ಮೂಗುಗಳ ಸಂಖ್ಯೆಯೇನೂ ಕಡಿಮೆ ಇಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ದಶಕಗಳ ಕಾಲ ಲೆಕ್ಕ ಇಟ್ಟು ತೋರಿಸಿದ ಹಾಗೆ, ಈ ಊರಿನ ಮಕ್ಕಳಲ್ಲಿ ಆಸ್ತಮಾ 1979ರಲ್ಲಿ ಶೇಕಡಾ 9 ಇದ್ದದ್ದು 1999ರ ಹೊತ್ತಿಗೆ ಶೇಕಡಾ 29.5ಕ್ಕೆ ಏರಿತ್ತು. ಆಸ್ತಮಾ ಬೇರೆ, ನನ್ನ ಕಾಯಿಲೆ ಬೇರೆ. ಆದರೆ ಆ ಮಕ್ಕಳಿಗೂ ಸೊಳ್ಳೆ ಬತ್ತಿ ಹೊಗೆ ಆಗಿಬರಲ್ಲ. ಚೀನಾ ಮತ್ತು ಮಲೇಷ್ಯಾದ ಸೊಳ್ಳೆ ಬತ್ತಿಗಳ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳೋ ಪ್ರಕಾರ ಒಂದು ಬತ್ತಿ ಉರಿದು ಮುಗಿಯೋ ಹೊತ್ತಿಗೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಹೊರಬಿಡುತ್ತೆ. ನನ್ನೊಬ್ಬಳಿಗೆ ಅಂತ ಮಾಡೋ ಅನುಕೂಲದಲ್ಲಿ ನಿಮ್ಮ ಮಗುವಿನ ಪಾಲೂ ಇದೆ.

ಅಳೆಯಕ್ಕಾಗೋದು, ಅಳೆಯಕ್ಕಾಗದೇ ಇರೋದು ಅಂತ ಎರಡು ಬಗೆ ಇದೆ. ಸರ್ಜಾಪುರ ರಸ್ತೆ ಕೋರಮಂಗಲದ ಕಡೆ ಶುರುವಾಗೋ ಜಾಗದಲ್ಲೇ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಇದೆ. ಅಲ್ಲಿನ ಪ್ರೊಫೆಸರ್ ಆಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಪೇಂಟಿನಲ್ಲಿರೋ ಸೀಸದ ವಿರುದ್ಧ ವರ್ಷಾನುಗಟ್ಟಲೆ ಹೋರಾಡಿದವರು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ಕೇಂದ್ರದ ನಿಯಮ 2016ರಲ್ಲಿ ಬಂತು, 2017ರ ನವೆಂಬರಿನಿಂದ ಜಾರಿಯಾಯ್ತು. ಸೀಸ ರಕ್ತದಲ್ಲಿ ಸಿಗುತ್ತೆ, ಅದಕ್ಕೆ ಅಂಕಿ ಇದೆ, ಹಾಗಾಗಿ ನಿಯಮಾನೂ ಬಂತು. ನನ್ನದಕ್ಕೆ ಅಂಕಿ ಇಲ್ಲ.

ಕಾಸರಗೋಡಿನ ಪಡ್ರೆಯ ಕಥೆ ನಿಮಗೆಲ್ಲ ಗೊತ್ತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಿದ್ದು 2000ದವರೆಗೂ ನಡೀತು. ವಾಣಿನಗರದ ಡಾ. ವೈ.ಎಸ್. ಮೋಹನ್ ಕುಮಾರ್ ಊರಿನ ಜನರ ಕಾಯಿಲೆಗಳನ್ನ ಗಮನಿಸಿ ಏನೋ ಸರಿಯಿಲ್ಲ ಅಂದ್ರು, ಶ್ರೀಪಡ್ರೆ ಬರೆದ್ರು. ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನ ನಿಲ್ಲಿಸಿದ್ದು 2011ರಲ್ಲಿ. ದಯವಿಟ್ಟು ನನ್ನ ಕಾಯಿಲೆಯನ್ನ ಅದಕ್ಕೆ ಹೋಲಿಸ್ತಿದ್ದೀನಿ ಅಂದುಕೊಳ್ಳಬೇಡಿ. ಅಲ್ಲಿ ವಿಷವನ್ನ ವರ್ಷಗಟ್ಟಲೆ ತಲೆ ಮೇಲೆ ಸುರಿದರು, ಇಲ್ಲಿ ಹಾಗೇನೂ ಇಲ್ಲ. ಅಲ್ಲಿಂದ ನಾನು ತಗೊಳ್ಳೋ ಪಾಠ ಒಂದೇ. ಜನ ಕಷ್ಟ ಹೇಳಿಕೊಂಡಾಗ ಮೊದಲು ಕೇಳಿಸಿಕೊಳ್ಳೋರು ಬೇಕು, ಪುರಾವೆ ಹುಡುಕೋದು ಅದರ ಜೊತೆಜೊತೆಗೇ ಆಗಲಿ.

ಈಗ ಆ ಇ-ಮೇಲ್. 2020ರಲ್ಲಿ ಕೊರೋನಾ ಬಂದಾಗ ಎಲ್ಲರ ಹಾಗೆ ನಾನೂ ಮನೆಯಿಂದ ಕೆಲಸ ಶುರು ಮಾಡಿದೆ. ಬೇರೆಯವರಿಗೆ ಅದು ಸೆರೆವಾಸ. ನನಗೆ, ಹೇಳೋಕೆ ಸಂಕೋಚ ಆಗುತ್ತೆ, ವರ್ಷಗಳ ನಂತರ ತಲೆನೋವಿಲ್ಲದ ತಿಂಗಳುಗಳು. ಬೀದಿಯಲ್ಲೆಲ್ಲ ಮಾಸ್ಕ್ ಹಾಕಿದವರೇ ಇದ್ದಿದ್ದರಿಂದ ನನ್ನ ಮಾಸ್ಕನ್ನ ಯಾರೂ ತಿರುಗಿ ನೋಡ್ತಿರಲಿಲ್ಲ. ಕೆಲಸವೂ ಚೆನ್ನಾಗೇ ನಡೀತು, ಪ್ರಮೋಷನ್ನೂ ಬಂತು. ಈಗ ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಅನ್ನೋ ಆದೇಶ. ಹೊಸ ಕಟ್ಟಡ, ಹೊಸ ಕಾರ್ಪೆಟ್, ಕಿಟಕಿ ತೆಗೆಯೋ ಹಾಗಿಲ್ಲ, ಒಳಗೆ ಕಾಲಿಡೋ ಜಾಗದಲ್ಲೇ ಪರಿಮಳ ಊದೋ ಯಂತ್ರ. ನಾನು ವಿನಾಯಿತಿ ಕೇಳಿದ್ದಕ್ಕೆ ಬಂದ ಉತ್ತರ: ಕಾನೂನಿನ 21 ಅಂಗವೈಕಲ್ಯಗಳಲ್ಲಿ ನಿಮ್ಮದು ಯಾವುದು, ಅದರ ಸರ್ಟಿಫಿಕೇಟ್ ಕಳಿಸಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಪಟ್ಟಿ ಇರೋದು ನಿಜ, ನನ್ನದು ಅದರಲ್ಲಿ ಇಲ್ಲದೇ ಇರೋದೂ ನಿಜ. ಆದರೆ ಅದೇ ಕಾಯ್ದೆ ಅಂಗವಿಕಲ ವ್ಯಕ್ತಿ ಯಾರು ಅಂತ ಹೇಳುವಾಗ ಪಟ್ಟಿ ಹಿಡಿದು ಹೇಳಲ್ಲ. ದೀರ್ಘಕಾಲದ ಊನ ಒಂದಿದ್ದು, ಸುತ್ತಲಿನ ಅಡೆತಡೆಗಳ ಜೊತೆ ಸೇರಿ ಅದು ಆ ವ್ಯಕ್ತಿ ಎಲ್ಲರಂತೆ ಭಾಗವಹಿಸೋದನ್ನ ತಡೆದರೆ, ಅದು ಅಂಗವೈಕಲ್ಯ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇದೇ ದಾರಿಯಲ್ಲಿ ಯೋಚಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳೋ ತೊಂದರೆ ಇದ್ದ ಅಭ್ಯರ್ಥಿ ಯುಪಿಎಸ್‌ಸಿ ಪರೀಕ್ಷೆಗೆ ಬರೆದುಕೊಡೋ ಸಹಾಯಕರನ್ನ ಕೇಳಿದ್ರು, ನಿಯಮದಲ್ಲಿ ಇಲ್ಲ ಅಂತ ಆಯೋಗ ನಿರಾಕರಿಸಿತ್ತು. ಶೇಕಡಾ 40ರ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಅನುಕೂಲ ಅನ್ನೋದು ಕಾಯ್ದೆಯ ಆಶಯವಲ್ಲ ಅಂತ ಕೋರ್ಟ್ ಹೇಳಿತು. ನನ್ನ ಪ್ರಕರಣಕ್ಕೆ ಅದು ಹಾಗೇ ಹೊಂದುತ್ತೆ ಅಂತ ನಾನು ಹೇಳ್ತಿಲ್ಲ, ನಾನೇನು ವಕೀಲೆ ಅಲ್ಲ. ಆದರೆ "ಪಟ್ಟಿಯಲ್ಲಿಲ್ಲ, ಹಾಗಾಗಿ ನೀವೇ ಇಲ್ಲ" ಅನ್ನೋ ವಾದ ಅಷ್ಟು ಗಟ್ಟಿಯಲ್ಲ ಅನ್ನೋದಕ್ಕೆ ಅದು ಸಾಕು.

"ಎಲ್ಲರೂ ಹೀಗೇ ಹೇಳಕ್ಕೆ ಶುರು ಮಾಡಿದ್ರೆ?" ಅಂತ ಕೇಳ್ತಾರೆ. ಮನೆಯಿಂದ ಕೆಲಸ ಮಾಡೋ ಆಸೆಗೆ ಯಾರಾದ್ರೂ ಸುಳ್ಳು ಹೇಳಬಹುದು, ಒಪ್ತೀನಿ. ಬದನೆಕಾಯಿ ಇಷ್ಟ ಇಲ್ಲದವರೂ ಆಗಿಬರಲ್ಲ ಅಂತ ಹೇಳಿರ್ತಾರೆ. ಅದಕ್ಕೆ ನಾವು ಊಟದ ಎಲೆ ಮುಂದೆ ಡಾಕ್ಟರನ್ನ ಕೂರಿಸಿಲ್ಲ. ಸುಳ್ಳು ಹೇಳಿ ಯಾರೂ ಲಿಫ್ಟ್ ಬಿಟ್ಟು ಏಳು ಮಹಡಿ ಹತ್ತಲ್ಲ, ಅಣ್ಣನ ಮಗಳ ಮದುವೆಗೆ ಹೋಗಿ ಛತ್ರದ ಹೊರಗೆ ಕೂರಲ್ಲ.

ನನಗಾದರೂ ಮುಚ್ಚಿಕೊಳ್ಳೋಕೆ ಕಿಟಕಿ ಇದೆ. ಫಾಗಿಂಗ್ ಹೊಗೆಯ ನಡುವೆ ಗೇಟಿನಲ್ಲಿ ನಿಂತಿರೋ ಸೆಕ್ಯೂರಿಟಿಯವರಿಗೆ, ಪೇಂಟ್ ಹೊಡೆದ ಫ್ಲಾಟಿನಲ್ಲೇ ರಾತ್ರಿ ಮಲಗೋ ಬೇರೆ ರಾಜ್ಯದ ಹುಡುಗರಿಗೆ, ಆ್ಯಸಿಡ್ ಸುರಿದು ಬಾತ್‌ರೂಮ್ ಉಜ್ಜೋ ಹೆಂಗಸರಿಗೆ ಅದೂ ಇಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕ, ನಮ್ಮಲ್ಲಿ ಫಿನಾಯಿಲ್ ಬೇಡ, ಬಿಸಿನೀರು ಸಾಕು ಅಂದಾಗ "ನಂಗೂ ಅದ್ರಿಂದ ಕೆಮ್ಮು ಬರುತ್ತೆ ಅಮ್ಮ, ಯಾರ ಹತ್ರ ಹೇಳೋದು" ಅಂದ್ರು. ನಾನು ಹೇಳಿದ್ರೆ ಕಾಯಿಲೆ ಹೌದೋ ಅಲ್ಲವೋ ಅಂತ ಚರ್ಚೆಯಾದ್ರೂ ಆಗುತ್ತೆ. ಅವರು ಹೇಳಿದ್ರೆ ಕೆಲಸ ಹೋಗುತ್ತೆ.

ಇದು ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಕೆನಡಾದ ಒಂದು ಉದಾಹರಣೆ ಇದೆ. ಇದೇ ಕಾಯಿಲೆಯಿದ್ದ, ಸರ್ಕಾರಿ ಭತ್ಯೆಯಲ್ಲಿ ಬದುಕುತ್ತಿದ್ದ ಒಂಟಾರಿಯೋದ 51 ವರ್ಷದ ಹೆಂಗಸೊಬ್ಬರು ಸಿಗರೇಟು ಹೊಗೆ, ಕ್ಲೀನಿಂಗ್ ರಾಸಾಯನಿಕ ಇಲ್ಲದ ಒಂದು ಬಾಡಿಗೆ ಮನೆಗಾಗಿ ಎರಡು ವರ್ಷ ಹುಡುಕಿದ್ರು. ಡಾಕ್ಟರುಗಳು ಅವರ ಪರವಾಗಿ ಪತ್ರ ಬರೆದ್ರು. ಮನೆ ಸಿಗಲಿಲ್ಲ. 2022ರ ಫೆಬ್ರವರಿಯಲ್ಲಿ ಅವರು ಅಲ್ಲಿನ ಕಾನೂನಿನಂತೆ ವೈದ್ಯರ ನೆರವಿನ ಸಾವನ್ನ ಆರಿಸಿಕೊಂಡ್ರು. ಸಾಯೋಕೆ ಅನುಮತಿ ಸಿಕ್ಕಿತು, ಉಸಿರಾಡೋಕೆ ಒಂದು ರೂಮ್ ಸಿಗಲಿಲ್ಲ. ಅವರ ಕಾಯಿಲೆ ಯಾವ ಅಂಗದಲ್ಲಿತ್ತು ಅನ್ನೋ ಚರ್ಚೆ ಈಗ ಯಾರಿಗೆ ಬೇಕು?

ಹಾಗಾದ್ರೆ ಏನು ಮಾಡಬೇಕು? ದೊಡ್ಡದೇನೂ ಬೇಡ. ಪೇಂಟು, ಪೆಸ್ಟ್ ಕಂಟ್ರೋಲ್, ಫಾಗಿಂಗ್ ಇದ್ರೆ ಎರಡು ದಿನ ಮುಂಚೆ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಒಂದು ಸಾಲು ಹಾಕಿ. ನಿಲ್ಲಿಸಿ ಅಂತ ನಾನು ಹೇಳಲ್ಲ, ಡೆಂಗೀ ಎಲ್ಲರಿಗೂ ಬರುತ್ತೆ. ಹೇಳಿ ಮಾಡಿ, ಅಷ್ಟೇ. ಲಿಫ್ಟಿಗೆ, ಆಫೀಸಿನ ಬಾಗಿಲಿಗೆ ಪರಿಮಳ ಬೇಕೇ ಬೇಕಾ ಅಂತ ಒಮ್ಮೆ ಯೋಚಿಸಿ. ಕಂಪನಿಗಳು ಡಬ್ಬಿ ಮೇಲೆ 'ಪರ್ಫ್ಯೂಮ್' ಅಂತ ಒಂದೇ ಪದ ಬರೆದು ಅದರ ಹಿಂದೆ ಹತ್ತಾರು ವಸ್ತು ಬಚ್ಚಿಡೋದು ನಿಲ್ಲಬೇಕು. ಯೂರೋಪಿನಲ್ಲಿ ಅಲರ್ಜಿ ತರೋ 26 ಪರಿಮಳ ವಸ್ತುಗಳ ಹೆಸರನ್ನ ಸೋಪು, ಕ್ರೀಮುಗಳ ಮೇಲೆ ಬರೆಯಬೇಕು ಅನ್ನೋ ಕಾನೂನು 2003ರಲ್ಲೇ ಬಂತು, 2023ರಲ್ಲಿ ಆ ಪಟ್ಟಿ ಸುಮಾರು 80ಕ್ಕೆ ಬೆಳೀತು. ಓದಿ ದೂರ ಇಡೋ ಅವಕಾಶ ನಮಗೂ ಕೊಡಿ.

ನನ್ನ ಹಾಗೇ ನರಳ್ತಾ ಇರೋರಿಗೂ ಒಂದು ಮಾತು. ಮೊದಲು ಆಸ್ತಮಾ, ಮೈಗ್ರೇನ್, ಥೈರಾಯ್ಡ್ ಎಲ್ಲ ಪರೀಕ್ಷೆ ಮಾಡಿಸಿಕೊಳ್ಳಿ, ಚಿಕಿತ್ಸೆ ಇರೋದನ್ನ ಬಿಟ್ಟುಬಿಡಬೇಡಿ. ಮನೋವೈದ್ಯರ ಹತ್ರ ಹೋಗಿ ಅಂದ್ರೆ ಅವಮಾನ ಅಂದುಕೊಳ್ಳಬೇಡಿ, ಭಯ ಕಡಿಮೆ ಆದ್ರೆ ಮೈ ಸ್ವಲ್ಪ ಸಡಿಲ ಆಗುತ್ತೆ, ಇದು ನನ್ನ ಅನುಭವ. ದೇಹದ ವಿಷ ತೆಗೀತೀವಿ ಅಂತ ಸಾವಿರಾರು ರೂಪಾಯಿ ಕೇಳೋರಿಂದ ಮಾತ್ರ ದೂರ ಇರಿ.

ಕೊನೆಗೆ ಬ್ಲಾಗ್ ಗೆಳೆಯರಿಗೆ ಒಂದು ಕೆಲಸ. ಈ ಕಾಯಿಲೆಗೆ ಬಾಯಿಗೆ ಹತ್ತೋ ಕನ್ನಡ ಹೆಸರಿಲ್ಲ. 'ಬಹು ರಾಸಾಯನಿಕ ಸಂವೇದನಾಶೀಲತೆ' ಅಂದ್ರೆ ಕೇಳಿದವರಿಗೆ ಹೊಸದಾಗಿ ತಲೆನೋವು ಬರುತ್ತೆ. 'ಗಾಳಿನಂಜು' ಅನ್ನಬಹುದಾ ಅಂತ ನಾನು ಯೋಚಿಸ್ತಾ ಇದ್ದೀನಿ. ನಂಜು ಅಂದ್ರೆ ನಮ್ಮ ಅಜ್ಜಿಯರಿಗೂ ಅರ್ಥ ಆಗುತ್ತೆ, ವಾದ ಮಾಡದೆ ತಟ್ಟೆ ಸರಿಸ್ತಾರೆ. ಇದಕ್ಕಿಂತ ಒಳ್ಳೇ ಪದ ನಿಮಗೆ ಹೊಳೆದ್ರೆ ತಿಳಿಸಿ. ಆಫೀಸಿಗೆ ಕಳಿಸೋ ಉತ್ತರ ಇನ್ನೂ ಬರೆದಿಲ್ಲ, ಸೋಮವಾರದೊಳಗೆ ಕಳಿಸಬೇಕು. ಕಾನೂನು ಬಲ್ಲವರು ಯಾರಾದ್ರೂ ಇದ್ರೆ ಅದಕ್ಕೂ ನಾಲ್ಕು ಸಾಲು ಹೇಳಿಕೊಡಿ.